ಶಿಲ್ಲಾಂಗಿನಿಂದ ತಂದ ಗೊರಬು

ನವೆಂಬರಿನ ಒಂದು ಮಧ್ಯಾಹ್ನ ಶಿಲ್ಲಾಂಗಿನ ದೊಡ್ಡ ಪೇಟೆಯಲ್ಲಿ ನಾನು ಗೊರಬು ಕೇಳಿದಾಗ, ಬಿದಿರಿನ ಬುಟ್ಟಿಗಳ ನಡುವೆ ಕುಳಿತಿದ್ದ ಅಂಗಡಿಯಾಕೆ ಮೊದಲು ನನ್ನ ಮುಖ ನೋಡಿದರು, ಆಮೇಲೆ ತಗಡಿನ ಮಾಡುಗಳ ಸಂದಿಯಲ್ಲಿ ಕಾಣುತ್ತಿದ್ದ ಶುಭ್ರ ಆಕಾಶವನ್ನು ನೋಡಿದರು. ಮಳೆಗಾಲ ಮುಗಿದು ಎಷ್ಟೋ ದಿನಗಳಾಗಿವೆಯಲ್ಲ, ಈಗೇಕೆ ಎಂದು ಹರಕುಮುರುಕು ಹಿಂದಿಯಲ್ಲಿ ಕೇಳಿದರು. ಗೋಡೆಗೆ ತೂಗುಹಾಕಲು ಎಂದು ಹೇಳಲು ನಾಚಿಕೆಯಾಯಿತು. ಊರಿನಲ್ಲಿ ತಾಯಿಗೆ ಬೇಕು ಎಂದು ಸುಳ್ಳು ಹೇಳಿದೆ. ಆ ಸುಳ್ಳಿನ ಬಲದಿಂದಲೇ ಅವರು ಎದ್ದು ಅಂಗಡಿಯ ಹಿಂಬದಿಯಿಂದ, ಜೇಡರಬಲೆ ಹಿಡಿದಿದ್ದ ಮೂರು ಗೊರಬುಗಳನ್ನು ಎಳೆದು ತಂದು ನನ್ನ ಮುಂದಿಟ್ಟರು.

ಖಾಸಿ ಭಾಷೆಯಲ್ಲಿ ಅದರ ಹೆಸರು ಕ್ನುಪ್. ಬಿದಿರಿನ ಸಿಬಿರುಗಳನ್ನು ಎರಡು ಪದರವಾಗಿ ಹೆಣೆದು, ನಡುವೆ ಒಣ ಎಲೆಗಳನ್ನು ಒತ್ತೊತ್ತಾಗಿ ಹಾಸಿ ಮಾಡಿದ, ಕವುಚಿ ಹಾಕಿದ ದೋಣಿಯಂತಹ ಮಳೆಗವಚ ಅದು. ತಲೆಯ ಮೇಲೆ ಸಿಕ್ಕಿಸಿಕೊಂಡರೆ ಬೆನ್ನು, ಸೊಂಟದವರೆಗೂ ಮುಚ್ಚುತ್ತದೆ. ಎರಡೂ ಕೈಗಳು ಕೆಲಸಕ್ಕೆ ಬಿಡುವಾಗಿರುತ್ತವೆ, ಬಗ್ಗಿದರೂ ಬೆನ್ನು ನೆನೆಯುವುದಿಲ್ಲ. ಕೊಡೆಗೆ ಈ ವಿದ್ಯೆ ಗೊತ್ತಿಲ್ಲ. ಕಾರ್ಕಳದ ಆಸುಪಾಸಿನ ನಮ್ಮ ಊರಿನಲ್ಲಿ ಇದೇ ವಸ್ತುವನ್ನು ತಾಳೆಗರಿಯಿಂದ ಮಾಡುತ್ತಿದ್ದರು, ತುಳುವಿನಲ್ಲಿ ಕೊರಂಬು ಎನ್ನುತ್ತಿದ್ದರು. ನೇಜಿ ನೆಡುವ ಹೆಂಗಸರ ಸಾಲು ಸಾಲು ಕೊರಂಬುಗಳು ಗದ್ದೆಯಲ್ಲಿ ಆಮೆಗಳಂತೆ ಹಿಂದಕ್ಕೆ ಸರಿಯುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಆಮೇಲೆ ಪ್ಲಾಸ್ಟಿಕ್ ಹಾಳೆ ಬಂತು. ಗದ್ದೆಗಳಿಗೆ ಅಡಿಕೆ ಸಸಿ ಬಂತು. ಕೊರಂಬು ಹೆಣೆಯುವವರು ಇಲ್ಲವಾದರು.

ಎರಡು ಸಾವಿರ ಕಿಲೋಮೀಟರಿಗೂ ದೂರದ ಬೆಟ್ಟದ ನಗರವೊಂದಕ್ಕೆ ಹೋಗಿ ನಮ್ಮ ಮನೆಯ ಅಟ್ಟದಲ್ಲಿದ್ದ ವಸ್ತುವಿನ ನೆಂಟನನ್ನು ಕೊಂಡುತರುವೆನೆಂದು ನಾನು ಹೊರಟಿರಲಿಲ್ಲ. ಬೆಂಗಳೂರಿನಲ್ಲಿ ನನ್ನೊಡನೆ ಕೆಲಸ ಮಾಡುತ್ತಿದ್ದ ಖಾಸಿ ಗೆಳತಿಯೊಬ್ಬರು ಊರಿಗೆ ಮರಳಿದ ಮೇಲೆ ವರ್ಷವೂ ಕರೆಯುತ್ತಿದ್ದರು. ಈ ಬಾರಿ ಹೋದೆ. ಚಿರಾಪುಂಜಿಯ ಹೆಸರು ಆಗುಂಬೆಯ ಬುಡದಲ್ಲಿ ಬೆಳೆದವರಿಗೆ ಹೊಸದಲ್ಲ. ನಮ್ಮ ಆಗುಂಬೆ ‘ದಕ್ಷಿಣದ ಚಿರಾಪುಂಜಿ’ ಎಂದು ಶಾಲೆಯಲ್ಲಿ ಹೆಮ್ಮೆಯಿಂದ ಬಾಯಿಪಾಠ ಮಾಡಿದವರು ನಾವು. ಚಿರಾಪುಂಜಿ ಎಂಬುದು ಬ್ರಿಟಿಷರ ಬಾಯಲ್ಲಿ ಕೆಟ್ಟ ಹೆಸರು, ಊರಿನವರಿಗೆ ಅದು ಸೊಹ್ರಾ ಎಂಬುದು ಅಲ್ಲಿಗೆ ಹೋದ ಮೇಲೆ ಕಿವಿಗೆ ಬಿತ್ತು. ಶಿಲ್ಲಾಂಗಿಗೆ ‘ಪೂರ್ವದ ಸ್ಕಾಟ್ಲೆಂಡ್’ ಎಂಬ ಬಿರುದೂ ಇದೆ. ಕೊಡಗಿಗೂ ಇಂಥದ್ದೇ ಒಂದು ಬಿರುದನ್ನು ಅಂಟಿಸಿದ್ದಾರೆ. ಒಂದು ಊರನ್ನು ಇನ್ನೊಂದು ಊರಿನ ಹೆಸರಿನಿಂದ ಹೊಗಳುವುದು ನನಗೆ ಸೇರುವುದಿಲ್ಲ. ಎರಡನ್ನೂ ನೋಡದವರಿಗೆ ಮಾತ್ರ ಅನುಕೂಲವಾಗುವ ಮಾತು ಅದು.

ಸುಮಾರು 1,500 ಮೀಟರ್ ಎತ್ತರದಲ್ಲಿರುವ ಈ ನಗರವನ್ನು ಬ್ರಿಟಿಷರು 1874ರಲ್ಲಿ ಅಸ್ಸಾಮಿನ ರಾಜಧಾನಿ ಮಾಡಿದರು. 1972ರ ಜನವರಿ 21ರಂದು ಮೇಘಾಲಯ ಪ್ರತ್ಯೇಕ ರಾಜ್ಯವಾದಾಗ ಅದು ಈ ಹೊಸ ರಾಜ್ಯದ ರಾಜಧಾನಿಯಾಯಿತು. 1897ರ ಜೂನ್ 12ರ ಭೂಕಂಪದಲ್ಲಿ ಕಲ್ಲಿನ ಕಟ್ಟಡಗಳೆಲ್ಲ ನೆಲಸಮವಾದ್ದರಿಂದ ಆಮೇಲೆ ಕಟ್ಟಿದ ಹಳೆಯ ಮನೆಗಳು ಮರದ ಚೌಕಟ್ಟು, ಹಗುರ ಗೋಡೆ, ತಗಡಿನ ಮಾಡಿನವು. ಅಂಥವು ಇನ್ನೂ ಅಲ್ಲಲ್ಲಿ ಸಿಮೆಂಟಿನ ನಡುವೆ ಉಸಿರು ಹಿಡಿದು ನಿಂತಿವೆ. ಎಲ್ಲರೂ ನೋಡುವುದನ್ನು ನಾನೂ ನೋಡಿದೆ. ಗುವಾಹಟಿಯಿಂದ ಏರಿ ಬರುವಾಗ ಸಿಗುವ ಉಮಿಯಮ್ ಜಲಾಶಯ, ಊರಿನ ನಡುವಿನ ವಾರ್ಡ್ಸ್ ಕೆರೆ ಮತ್ತು ಅದರ ಮರದ ಸೇತುವೆ, ಆನೆಯ ಆಕಾರದ ಬಂಡೆ ಅದೇ ಭೂಕಂಪದಲ್ಲಿ ಒಡೆದುಹೋದ ಮೇಲೂ ಎಲಿಫೆಂಟ್ ಫಾಲ್ಸ್ ಎಂದೇ ಕರೆಸಿಕೊಳ್ಳುತ್ತಿರುವ ಜಲಪಾತ, ಇವೆಲ್ಲ ಚೆನ್ನಾಗಿವೆ. ನವೆಂಬರಿನಲ್ಲಿ ರಸ್ತೆ ಬದಿಯ ಚೆರ್ರಿ ಮರಗಳು ಎಲೆ ಕಾಣದಷ್ಟು ಗುಲಾಬಿ ಹೂವು ಬಿಡುತ್ತವೆ, ಅದು ಇನ್ನೂ ಚೆನ್ನ. ಆದರೆ ಇವುಗಳ ಚಿತ್ರಗಳು ಯಾರ ಫೋನಿನಲ್ಲಿ ಬೇಕಾದರೂ ಸಿಗುತ್ತವೆ.

ಮೊದಲ ದಿನ ಸಂಜೆ ಪೊಲೀಸ್ ಬಜಾರಿನಲ್ಲಿ ನಾನೊಬ್ಬನೇ ತಿರುಗಾಡಿದೆ. ಪ್ರವಾಸಿಗರು ಉಳಿಯುವ ಹೋಟೆಲುಗಳು ಸುತ್ತಲೂ ಇರುವುದರಿಂದ ಅಂಗಡಿಗಳು ಅವರ ಕಣ್ಣಿಗೆ ತಕ್ಕಂತೆ ಸಿಂಗರಿಸಿಕೊಂಡಿವೆ. ಒಂದು ಅಂಗಡಿಯಲ್ಲಿ ಎರಿ ರೇಷ್ಮೆಯ ಶಾಲು, ಹಳ್ಳಿಯ ಹೆಂಗಸರು ಕೈಮಗ್ಗದಲ್ಲಿ ನೇಯ್ದದ್ದು ಎಂದರು; ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಟ್ಟೆ. ಮರುದಿನ ಗೆಳತಿ ಅದನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿ, ಏನೂ ಹೇಳದೆ ಒಳಗೆ ಹೋಗಿ ತನ್ನ ಅಜ್ಜಿಯ ಶಾಲನ್ನು ತಂದು ನನ್ನ ಕೈಯಲ್ಲಿಟ್ಟರು. ಖಾಸಿಯವರು ರಿಂಡಿಯಾ ಎನ್ನುವ ಆ ಶಾಲು ಮುಟ್ಟಿದರೆ ರೇಷ್ಮೆಯಂತಿರಲಿಲ್ಲ, ಹಳೆಯ ಉಣ್ಣೆಯಂತೆ ತುಸು ಒರಟಾಗಿ, ಬೆಚ್ಚಗಿತ್ತು. ಅಂಚಿನಲ್ಲಿ ನೂಲು ಅಲ್ಲಲ್ಲಿ ದಪ್ಪವಾಗಿ ಅಲ್ಲಲ್ಲಿ ತೆಳ್ಳಗಾಗಿತ್ತು. ರಾಮನಗರದ ಗೂಡಿನ ಮಾರುಕಟ್ಟೆಯನ್ನು ನೋಡಿದ ನಮಗೆ ರೇಷ್ಮೆ ಎಂದರೆ ಹಿಪ್ಪುನೇರಳೆ, ಗೂಡು ಬೇಯಿಸಿ ಒಂದೇ ಉದ್ದದ ಎಳೆಯನ್ನು ಬಿಚ್ಚುವುದು. ಎರಿ ಹುಳು ತಿನ್ನುವುದು ಹರಳಿನ ಎಲೆ. ಅದರ ಗೂಡಿಗೆ ಒಂದು ತುದಿಯಲ್ಲಿ ಬಾಯಿ ಇರುವುದರಿಂದ ಎಳೆ ಅಖಂಡವಾಗಿರುವುದಿಲ್ಲ, ಹತ್ತಿಯಂತೆ ನೂಲಬೇಕಾಗುತ್ತದೆ. ಹಾಗಾಗಿಯೇ ಆ ಏರಿಳಿತ. ನನ್ನ ಶಾಲಿನ ನೂಲು ಮಾತ್ರ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಸಮನಾಗಿ, ಯಾವ ಮಗ್ಗದ ಪರಿಚಯವೂ ಇಲ್ಲದಂತೆ ನುಣುಪಾಗಿತ್ತು. ಎರಿ ಹುಳುಗಳನ್ನು ಸಾಕಿ ನೇಯುವ ಊರುಗಳು ರಿ-ಭೋಯ್ ಜಿಲ್ಲೆಯಲ್ಲಿವೆ, ನೀವು ಬರುವ ದಾರಿಯಲ್ಲೇ ದಾಟಿಬಂದ ಜಿಲ್ಲೆ ಅದು ಎಂದು ಗೆಳತಿ ಹೇಳಿದಾಗ ನನ್ನ ದುಡ್ಡಿಗಿಂತ ಹೆಚ್ಚಾಗಿ ನನ್ನ ಅವಸರದ ಮೇಲೆ ಸಿಟ್ಟು ಬಂತು. ಅಂಗಡಿಯವನನ್ನೂ ಪೂರ್ತಿ ದೂರಲಾರೆ. ‘ಬುಡಕಟ್ಟಿನದು’ ಎಂಬ ಒಂದು ಪದವನ್ನು ನಾನು ಕೊಳ್ಳಲು ಹೋಗಿದ್ದೆ, ಆತ ಅದನ್ನು ಮಾರಿದ.

ಇಯೆವ್‌ದುಹ್ ಪೇಟೆಯನ್ನು ತೋರಿಸಿದವರು ಗೆಳತಿಯೇ. ಹೊರಗಿನವರು ಬಡಾ ಬಜಾರ್ ಎನ್ನುವ ಈ ಪೇಟೆ ಪೊಲೀಸ್ ಬಜಾರಿನಿಂದ ನಡೆದು ಹೋಗುವಷ್ಟು ಹತ್ತಿರ, ಆದರೆ ಸ್ವಭಾವದಲ್ಲಿ ಬಹಳ ದೂರ. ಖಾಸಿಯವರ ಹಳೆಯ ವಾರಕ್ಕೆ ಏಳಲ್ಲ, ಎಂಟು ದಿನ. ಪ್ರತಿ ದಿನಕ್ಕೂ ಅಂದು ಸಂತೆ ಕೂಡುವ ಜಾಗದ ಹೆಸರು, ಅದರಲ್ಲಿ ಒಂದು ಇಯೆವ್‌ದುಹ್. ಈಗ ಭಾನುವಾರವೊಂದನ್ನು ಬಿಟ್ಟು ದಿನವೂ ವ್ಯಾಪಾರ ನಡೆದರೂ, ಎಂಟು ದಿನಕ್ಕೊಮ್ಮೆ ಸಂತೆಯ ಸರದಿ ಬಂದಾಗ ಸುತ್ತಲಿನ ಹಳ್ಳಿಗಳು ಇಲ್ಲಿಗೆ ಇಳಿದು ಬರುತ್ತವೆ. ಪೇಟೆಯ ಆಡಳಿತ ಮಿಲ್ಲಿಯೆಮ್ ಎಂಬ ಸಾಂಪ್ರದಾಯಿಕ ಸಂಸ್ಥಾನದ ಸಿಯೆಮ್‌ಗೆ, ಅಂದರೆ ಅರಸನಿಗೆ ಸೇರಿದ್ದು, ಪುರಸಭೆಯದಲ್ಲ. ಸಂವಿಧಾನದ ಆರನೆಯ ಅನುಸೂಚಿಯ ಪ್ರಕಾರ ಇಲ್ಲಿ ಸ್ವಾಯತ್ತ ಜಿಲ್ಲಾ ಮಂಡಳಿ ಇದೆ, ಹೊರಗಿನವರು ವ್ಯಾಪಾರ ಮಾಡಬೇಕಾದರೆ ಅದರ ಪರವಾನಗಿ ಬೇಕು; 1971ರ ಕಾನೂನೊಂದು ಬುಡಕಟ್ಟಿನವರ ಭೂಮಿ ಹೊರಗಿನವರ ಕೈಸೇರದಂತೆ ತಡೆದಿದೆ. ಇದರ ಹಿಂದೆ ಒಳಗಿನವರು-ಹೊರಗಿನವರು ಎಂಬ ಕಹಿಯಾದ ಜಗಳಗಳ ಇತಿಹಾಸವೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಗಿರಿಧಾಮವೆಂದು ಹೆಸರಾದ ಬೇರೆ ಊರುಗಳಲ್ಲಿ ಮೂಲನಿವಾಸಿಗಳು ತಮ್ಮದೇ ಪೇಟೆಯ ರಸ್ತೆಬದಿಗೆ ಸರಿದಿರುವುದನ್ನು ನೋಡಿದವರಿಗೆ, ಇಲ್ಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು ಯಾರು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಕುಳಿತವರು ಬಹುಪಾಲು ಹೆಂಗಸರು. ಎರಡು ಹೆಗಲಿಗೂ ಪಿನ್ನು ಹಾಕಿ ಇಳಿಬಿಟ್ಟ ಜೈನ್‌ಸೆಮ್, ಮೇಲೆ ಚೌಕಳಿಯ ಹೊದಿಕೆ, ಕೆಂಪೇರಿದ ತುಟಿ. ಅವರನ್ನು ಕಾಂಗ್ ಎಂದು ಕರೆಯಬೇಕು, ನಮ್ಮ ಅಕ್ಕ ಇದ್ದ ಹಾಗೆ, ಗಂಡಸರಿಗೆ ಬಾಹ್. ಇಬ್ಬರು ಎದುರಾದರೆ ಭುಜ ತಿರುಗಿಸಬೇಕಾದ ಓಣಿಗಳು ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಖೋಹ್ ಎಂಬ ಶಂಕುವಿನಾಕಾರದ ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಬೆನ್ನ ಮೇಲೆ ಹೊರೆ ಹೊತ್ತ ಕೂಲಿಗಳು ಹಿಂದಿನಿಂದ ಕೂಗುತ್ತಾ ಬರುವಾಗ ಗೋಡೆಗೆ ಅಂಟಿ ನಿಲ್ಲದಿದ್ದರೆ ಗತಿಯಿಲ್ಲ. ಒಂದು ಓಣಿ ಪೂರ್ತಿ ಒಣಮೀನು. ಮಂಗಳೂರಿನ ಬಂದರಿನ ವಾಸನೆಯನ್ನು ಬೆಟ್ಟದ ಮೇಲೆ ಯಾರು ತಂದಿಟ್ಟರು ಎಂದು ನಿಂತುಬಿಟ್ಟೆ. ಇನ್ನೊಂದು ಓಣಿಯಲ್ಲಿ ಹೊಗೆ ಹಿಡಿದ ಮಾಂಸ, ಎಲೆಯಲ್ಲಿ ಕಟ್ಟಿದ ಹುಳಿಸಿದ ಸೋಯಾ ಕಾಳು, ಕತ್ತಿ-ಕೊಡಲಿ, ಜೈಂತಿಯಾ ಬೆಟ್ಟಗಳ ಲಕಡಾಂಗ್ ಅರಸಿನ. ಈ ಅರಸಿನದಲ್ಲಿ ಕರ್ಕ್ಯುಮಿನ್ ಅಂಶ ಶೇಕಡಾ 7ರ ಆಸುಪಾಸು ಇರುತ್ತದೆ, ಸಾಮಾನ್ಯ ಅರಸಿನದ ಎರಡರಷ್ಟು. ಚಿಟಿಕೆ ಹಾಕುವಲ್ಲಿ ಚಿಟಿಕೆ ಹಾಕಿದ ನಮ್ಮ ಮನೆಯ ಸಾರು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಹುಲ್ಲಿನ ಪೊರಕೆಗಳ ರಾಶಿ ನೋಡಿ ಇದೇನು ವಿಶೇಷ ಎಂದುಕೊಂಡೆ. ನಮ್ಮೂರ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಪೊರಕೆಯ ಹುಲ್ಲನ್ನು ಬೆಳೆದು ದೇಶಕ್ಕೆಲ್ಲ ಕಳಿಸುವ ಬೆಟ್ಟಗಳು ಇವು ಎಂದು ಗೆಳತಿ ನಕ್ಕರು. ನನ್ನನ್ನು ಕರೆದು ‘ಬನ್ನಿ, ನೋಡಿ’ ಎಂದವರು ಒಬ್ಬರೂ ಇಲ್ಲ. ನೆನಪಿಗೆಂದು ಕೊಂಡೊಯ್ಯುವ ಒಂದೇ ಒಂದು ವಸ್ತು ಆ ಪೇಟೆಯಲ್ಲಿ ನನಗೆ ಕಾಣಲಿಲ್ಲ, ಎಲ್ಲವೂ ಅಂದಿನ ರಾತ್ರಿಯ ಅಡುಗೆಗೋ ನಾಳಿನ ಕೆಲಸಕ್ಕೋ ಬೇಕಾದವು.

ಅಡಿಕೆಯ ಓಣಿಯಲ್ಲಿ ಮಾತ್ರ ನಾನು ಪ್ರವಾಸಿಗನಾಗಿರಲಿಲ್ಲ. ಅಡಿಕೆ ಬೆಳೆಯುವವರ ಕಣ್ಣು ಎಲ್ಲಿ ಹೋದರೂ ಗೊನೆಯ ಮೇಲೆಯೇ. ಇವರು ನಮ್ಮಂತೆ ಒಣಗಿಸಿ ಸುಲಿದು ಚಾಲಿ ಮಾಡುವುದಿಲ್ಲ. ಹಸಿಯಾಗಿಯೇ, ಸಿಪ್ಪೆ ನೀರಿನಲ್ಲಿ ನೆನೆದು ಕೊಳೆತ ವಾಸನೆ ಬರುವಂತಾದ ಮೇಲೆ ತಿನ್ನುತ್ತಾರೆ. ಕ್ವಾಯ್ ಎಂದರೆ ಅಡಿಕೆಯೂ ಹೌದು, ಅದನ್ನು ಕೊಟ್ಟು ತೆಗೆದುಕೊಳ್ಳುವ ಮರ್ಯಾದೆಯೂ ಹೌದು. ಒಬ್ಬ ಕಾಂಗ್ ಕಾಲು ಭಾಗ ಅಡಿಕೆಯನ್ನು ಸುಣ್ಣ ಸವರಿದ ಎಲೆಯೊಂದಿಗೆ ನನ್ನ ಕೈಯಲ್ಲಿಟ್ಟರು. ಹುಟ್ಟಿದಾಗಿನಿಂದ ಅಡಿಕೆ ನೋಡಿದವನು ಎಂಬ ಜಂಬದಿಂದ ಬಾಯಿಗೆ ಹಾಕಿಕೊಂಡೆ. ಎರಡು ನಿಮಿಷದೊಳಗೆ ಕಿವಿ ಬಿಸಿಯಾಗಿ, ಎದೆ ಹಿಡಿದಂತಾಗಿ, ಆ ಚಳಿಯಲ್ಲೂ ಹಣೆಯ ಮೇಲೆ ಬೆವರೊಡೆಯಿತು. ಕಾಂಗ್ ನಗುತ್ತಾ ಕುಳಿತುಕೊಳ್ಳಲು ಮೋಡಾ ಸರಿಸಿದರು.

ಅಲ್ಲಿ ಕುಳಿತಾಗಲೇ ಗೆಳತಿ ಕ್ವಾಯ್‌ನ ಕಥೆ ಹೇಳಿದ್ದು. ಬಡ ಗಂಡ-ಹೆಂಡತಿಯ ಮನೆಗೆ ಸಿರಿವಂತ ಗೆಳೆಯ ಬರುತ್ತಾನೆ. ಮುಂದಿಡಲು ಮನೆಯಲ್ಲಿ ಏನೂ ಇಲ್ಲ, ನೆರೆಯವರೂ ಕಡ ಕೊಡುವುದಿಲ್ಲ; ಅವಮಾನ ತಾಳದೆ ಇಬ್ಬರೂ ಪ್ರಾಣ ಬಿಡುತ್ತಾರೆ. ಅದನ್ನು ಕಂಡ ಗೆಳೆಯನೂ ಬದುಕಲೊಲ್ಲ. ಒಲೆಯ ಬಳಿ ಅಡಗಿ ನಿದ್ದೆಹೋಗಿದ್ದ ಕಳ್ಳನೊಬ್ಬ ಎಚ್ಚೆತ್ತು, ಕೊಲೆಯ ಆರೋಪ ತನ್ನ ಮೇಲೆ ಬರುವುದೆಂದು ಹೆದರಿ ತಾನೂ ಸಾಯುತ್ತಾನೆ. ಗೆಳೆಯರು ಅಡಿಕೆ, ಎಲೆ, ಸುಣ್ಣವಾದರು, ಕಳ್ಳ ಹೊಗೆಸೊಪ್ಪಾದ. ಬಡವನ ಮನೆಯಲ್ಲೂ ಸಿರಿವಂತನ ಮನೆಯಲ್ಲೂ ಬಂದವರ ಮುಂದೆ ಇಡಲು ಒಂದೇ ವಸ್ತು ಇರಲಿ ಎಂಬುದಕ್ಕೆ ದೇವರು ಮಾಡಿದ ಏರ್ಪಾಡು ಇದು. ಹಿಂದೆ ದಾರಿಯ ದೂರವನ್ನೂ ಎಷ್ಟು ಕ್ವಾಯ್ ಜಗಿಯುವಷ್ಟು ಹೊತ್ತು ಎಂದು ಅಳೆಯುತ್ತಿದ್ದರಂತೆ. ತೀರಿಕೊಂಡವರನ್ನು ನೆನೆಯುವಾಗ ಖಾಸಿಯವರು ‘ದೇವರ ಮನೆಯಲ್ಲಿ ಕ್ವಾಯ್ ತಿನ್ನುತ್ತಿರುವವರು’ ಎನ್ನುತ್ತಾರೆ. ನಮ್ಮ ಮದುವೆ, ಬೊಜ್ಜ ಎಂಬ ಉತ್ತರಕ್ರಿಯೆ, ದೈವದ ಕೋಲ ಯಾವುದೂ ಎಲೆ ಅಡಿಕೆ ಇಲ್ಲದೆ ನಡೆಯುವುದಿಲ್ಲವಾದರೂ, ಅಡಿಕೆಯನ್ನು ಸ್ವರ್ಗದವರೆಗೆ ಕೊಂಡೊಯ್ಯುವ ಧೈರ್ಯ ನಮಗೆ ಬರಲಿಲ್ಲ. ಅನ್ನನಾಳದ ಕ್ಯಾನ್ಸರ್ ದೇಶದಲ್ಲೇ ಅತಿ ಹೆಚ್ಚು ಕಾಣುವ ಪ್ರದೇಶಗಳಲ್ಲಿ ಈ ಜಿಲ್ಲೆಯೂ ಸೇರಿದೆ, ಅದಕ್ಕೂ ಈ ಕ್ವಾಯ್‌ಗೂ ನಂಟಿದೆ ಎಂದು ವೈದ್ಯರು ಹೇಳುತ್ತಾರೆ. ಅಡಿಕೆಯ ದುಡ್ಡಿನಲ್ಲಿ ಓದಿದ ನಾನು ಇದನ್ನು ಬರೆಯದೆ ದಾಟಿಹೋಗುವುದು ಸರಿಯಲ್ಲ.

ಪೇಟೆಯಿಂದ ಹೊರಬರುವಾಗ ಗಲ್ಲಿಗಲ್ಲಿಯಲ್ಲಿ ‘ತೀರ್’ ಎಂಬ ಹಲಗೆಗಳು. ಮಟ್ಕಾದಂತಹ ಆಟ, ಆದರೆ ಇಲ್ಲಿ ಅಂಕಿ ಎತ್ತುವುದು ಬಿಲ್ಲುಗಾರರು. ಮಧ್ಯಾಹ್ನ ಪೋಲೋ ಮೈದಾನದ ಬಳಿ ಅವರು ಸಾಲಾಗಿ ಕುಳಿತು ಹುಲ್ಲಿನ ಗುರಿಗೆ ಬಾಣಗಳ ಮಳೆಗರೆಯುತ್ತಾರೆ. ನಾಟಿದ ಬಾಣಗಳ ಲೆಕ್ಕದ ಕೊನೆಯ ಎರಡು ಅಂಕಿಗಳಿಗೆ ಹಣ. 1982ರಲ್ಲಿ ಇದನ್ನು ಕಾನೂನಿನಡಿ ಸಕ್ರಮ ಮಾಡಿದರು. ಕನಸಿನಲ್ಲಿ ಕಂಡದ್ದಕ್ಕೆಲ್ಲ ಒಂದೊಂದು ಅಂಕಿ ಇದೆ. ನಾನು ಕೊರಂಬಿನ ಕನಸು ಕಂಡರೆ ಯಾವ ಅಂಕಿ ಎಂದು ಕೇಳಿದ್ದಕ್ಕೆ ಟಿಕೆಟ್ಟಿನವನು ಗಂಭೀರವಾಗಿ ಯೋಚಿಸತೊಡಗಿದ್ದರಿಂದ ಮುಂದೆ ನಡೆದೆವು.

ರಾತ್ರಿಯ ಊಟ ಗೆಳತಿಯ ಮನೆಯಲ್ಲಿ. ಕರಿ ಎಳ್ಳು ಅರೆದು ಹಾಕಿದ ಹಂದಿ ಸಾರು ಮಾಡಿದ್ದರು, ಎರಡು ಸಲ ಬಡಿಸಿಕೊಂಡೆ. ‘ಗೆಳತಿಯ ಮನೆ’ ಎಂದು ನಾನು ಬರೆದದ್ದು ತಪ್ಪು; ಅದು ಅವರ ಕಿರಿಯ ತಂಗಿಯ ಮನೆ. ಖಾಸಿಯವರಲ್ಲಿ ಮಕ್ಕಳಿಗೆ ತಾಯಿಯ ಕುಲದ ಹೆಸರು. ತಾಯಿಯ ಮನೆ ಕೊನೆಯ ಮಗಳಿಗೆ, ಅವಳೇ ಖದ್ದುಹ್. ಅಪ್ಪ-ಅಮ್ಮನನ್ನು ನೋಡಿಕೊಳ್ಳುವುದು, ಪೂರ್ವಿಕರ ಕಾರ್ಯ ನಡೆಸುವುದು, ಬೇರೆಡೆ ಬದುಕು ಸೋತು ಬಂದ ಅಣ್ಣ-ಅಕ್ಕಂದಿರಿಗೆ ಬಾಗಿಲು ತೆರೆದಿಡುವುದು ಎಲ್ಲವೂ ಅವಳ ಪಾಲಿಗೆ. ಕುರ್ ಎಂಬ ಕುಲದ ಒಳಗೆ ಮದುವೆ ಮಹಾಪಾಪ. ನಾನು ನಮ್ಮ ಅಳಿಯಸಂತಾನದ ಬಗ್ಗೆ, ತಾಯಿಯಿಂದ ಬರುವ ‘ಬಳಿ’ಯ ಬಗ್ಗೆ, ಒಂದೇ ಬಳಿಯವರು ಮದುವೆಯಾಗಬಾರದೆಂಬ ನಿಯಮದ ಬಗ್ಗೆ ಹೇಳಿದಾಗ ಅವರ ಮಾವ, ಅಂದರೆ ತಾಯಿಯ ಅಣ್ಣ, ತಟ್ಟೆಯಿಂದ ಕೈ ತೆಗೆದು ನನ್ನತ್ತ ತಿರುಗಿ ಕುಳಿತರು. ದಕ್ಷಿಣದ ಕಡಲಂಚಿನಲ್ಲಿ ಇಂಥ ಜನ ಇದ್ದಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಈಗಲೂ ಹಾಗೆಯೇ ಇದೆಯೇ ಎಂದು ಕೇಳಿದರು. 1949ರಲ್ಲಿ ಮದ್ರಾಸಿನ ಅಳಿಯಸಂತಾನ ಕಾಯಿದೆ ಬಂದು ಕುಟುಂಬಗಳು ಪಾಲಾದವು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು, ಈಗ ಉಳಿದಿರುವುದು ಬಳಿಯ ಹೆಸರು ಮತ್ತು ವರ್ಷಕ್ಕೊಮ್ಮೆ ತರವಾಡು ಮನೆಯ ದೈವದ ಕಾರ್ಯಕ್ಕೆ ಸೇರುವುದು ಎಂದೆ. ಅವರು ತಲೆಯಾಡಿಸಿ, ಇಲ್ಲಿನ ಹುಡುಗರಿಗೂ ಅಪ್ಪನ ಹೆಸರು ಬೇಕಂತೆ ಎಂದರು. ಅದಕ್ಕೆ ಗೆಳತಿ ಹೇಳಿದ ಮಾತು ಬೇರೆ: ಆಸ್ತಿ ಹೆಣ್ಣಿನದು ಎಂದು ಹೊರಗಿನವರು ಹಾಡಿ ಹೊಗಳುತ್ತಾರೆ, ಆದರೆ ಊರಿನ ದರ್ಬಾರಿನಲ್ಲಿ ಕೂರುವ ಹಕ್ಕು ಪರಂಪರೆಯಿಂದ ಗಂಡಸರದೇ. ನಮ್ಮ ಗುತ್ತಿನ ಮನೆಗಳಲ್ಲೂ ವಂಶ ಅಜ್ಜಿಯದು, ಚಾವಡಿಯ ಕುರ್ಚಿ ಮಾವನದು ಎಂಬುದು ನೆನಪಾಗಿ ನಾನು ಸುಮ್ಮನಾದೆ.

ಮವ್‌ಫ್ಲಾಂಗಿನ ದೇವರ ಕಾಡು ಶಿಲ್ಲಾಂಗಿನಿಂದ ಸುಮಾರು 25 ಕಿಲೋಮೀಟರ್. ಬೋಳು ಹುಲ್ಲುಗಾವಲಿನ ನಡುವೆ ಗೆರೆ ಎಳೆದಂತೆ ಕಾಡು ಶುರುವಾಗುತ್ತದೆ. ಒಂದು ಎಲೆಯನ್ನೂ ಹೊರಗೆ ಒಯ್ಯುವಂತಿಲ್ಲ ಎಂಬುದು ನಿಯಮ. ಹೊರಬರುವಾಗ ನಮ್ಮನ್ನು ಕರೆದೊಯ್ದ ಹುಡುಗ ನನ್ನ ಬೂಟಿಗೆ ಅಂಟಿದ್ದ ತರಗೆಲೆಯನ್ನು ತೋರಿಸಿದ. ಬಗ್ಗಿ ತೆಗೆದು ಅಲ್ಲಿಯೇ ಇಟ್ಟೆ. ಒಳಗೆ ಕಲ್ಲುಗಳ ಮೇಲೆ ಹಾವಸೆ ಬೆಳೆದು, ಬಿದ್ದ ಮರ ಬಿದ್ದಲ್ಲಿಯೇ ಮಣ್ಣಾಗುತ್ತಿತ್ತು. ನಮ್ಮ ಕುಟುಂಬದ ನಾಗಬನವೂ ನನ್ನ ಬಾಲ್ಯದಲ್ಲಿ ಹೀಗೆಯೇ ಇತ್ತು. ಈಗ ಮರ ಕಡಿದು, ಕಾಂಕ್ರೀಟು ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ, ಸುತ್ತ ಬೇಲಿ ಬಿಗಿದು ‘ಜೀರ್ಣೋದ್ಧಾರ’ ಮಾಡಿದ್ದೇವೆ. ಖರ್ಚಿಗೆ ನಾನೂ ವಂತಿಗೆ ಕೊಟ್ಟಿದ್ದೇನೆ, ರಸೀದಿ ಇನ್ನೂ ಇದೆ.

ಮವ್‌ಲಾಯ್‌ನಲ್ಲಿರುವ ಡಾನ್ ಬಾಸ್ಕೊ ವಸ್ತುಸಂಗ್ರಹಾಲಯಕ್ಕೆ ಕೊನೆಯ ದಿನ ಹೋದೆ. ಏಳು ಅಂತಸ್ತುಗಳಲ್ಲಿ ಈಶಾನ್ಯದ ಬುಡಕಟ್ಟುಗಳ ಉಡುಗೆ, ಆಯುಧ, ವಾದ್ಯ, ಬುಟ್ಟಿಗಳನ್ನು ಬಹಳ ಅಚ್ಚುಕಟ್ಟಾಗಿ ಜೋಡಿಸಿದ್ದಾರೆ. ಅರ್ಧ ದಿನವಾದರೂ ಬೇಕು. ಬಿದಿರಿನ ವಸ್ತುಗಳ ನಡುವೆ ಕ್ನುಪ್ ಕೂಡ ಇತ್ತು, ಕೆಳಗೆ ಹೆಸರಿನ ಚೀಟಿ. ಅದರ ಮುಂದೆ ಶಾಲೆಯ ಹುಡುಗಿಯರ ಗುಂಪೊಂದು ನಿಲ್ಲದೆಯೇ ಹೋಯಿತು. ಅವರ ಮನೆಯ ಜಗಲಿಯಲ್ಲಿ ಇರುವ ವಸ್ತುವಿನ ಮುಂದೆ ಅವರೇಕೆ ನಿಲ್ಲಬೇಕು? ನಾನು ನಿಂತೆ. ನಮ್ಮ ಕಡೆ ಕೊರಂಬು ನೋಡಬೇಕಾದರೆ ಈಗ ಇಂಥ ಗಾಜಿನ ಮುಂದೆಯೇ ನಿಲ್ಲಬೇಕು. ಅಲ್ಲಿಂದ ನೇರವಾಗಿ ಟ್ಯಾಕ್ಸಿ ಹಿಡಿದು ಇಯೆವ್‌ದುಹ್‌ಗೆ ಬಂದು ಗೊರಬು ಕೇಳಿದ್ದು ಅದೇ ಮಧ್ಯಾಹ್ನ.

ಮೂರರಲ್ಲಿ ನಾನು ಅಂದವಾಗಿದ್ದುದನ್ನು ಆರಿಸಿದೆ. ಕಾಂಗ್ ಅದನ್ನು ಕಿತ್ತುಕೊಂಡು ಪಕ್ಕಕ್ಕಿಟ್ಟು, ಬೆಳಕಿಗೆ ಹಿಡಿದು ತೋರಿಸಿದರು. ಎಲೆಯ ಹಾಸಿನಲ್ಲಿ ಸೂಜಿಮೊನೆಯಷ್ಟು ಬೆಳಕು ತೂರಿ ಬರುತ್ತಿತ್ತು. ಇನ್ನೊಂದನ್ನು ನನ್ನ ತಲೆಯ ಮೇಲಿಟ್ಟು, ಬೆನ್ನ ಹಿಂದೆ ಹೋಗಿ ಅಳತೆ ನೋಡಿ, ತಾಯಿ ನನಗಿಂತ ಕುಳ್ಳಗಿದ್ದಾರೆಯೇ ಎಂದು ಕೇಳಿದರು. ಹೌದೆಂದೆ. ಹಾಗಾದರೆ ಮೂರನೆಯದೇ ಸರಿ ಎಂದು ತೀರ್ಮಾನಿಸಿದರು. ನಾನೂರು ರೂಪಾಯಿ. ನಾನು ಖುಬ್ಲೇಯ್ ಎಂದೆ; ಕೃತಜ್ಞತೆಗೂ ನಮಸ್ಕಾರಕ್ಕೂ ಆ ಒಂದೇ ಮಾತು. ಗುವಾಹಟಿಯ ವಿಮಾನ ನಿಲ್ದಾಣದಲ್ಲಿ ಅದು ಯಂತ್ರದ ಬಾಯಿಗೆ ಹಿಡಿಸದೆ, ಇದು ವಾದ್ಯವೇ ಎಂದು ಒಬ್ಬರು, ದೋಣಿಯೇ ಎಂದು ಇನ್ನೊಬ್ಬರು ಕೇಳಿ, ಕಡೆಗೆ ಹೆಚ್ಚಿನ ಬಾಡಿಗೆ ತೆತ್ತು ಬೇರೆಯಾಗಿ ಕಳಿಸಬೇಕಾಯಿತು. ಬಾಡಿಗೆ ಗೊರಬಿನ ಬೆಲೆಗಿಂತ ಹೆಚ್ಚಾಯಿತು.

ಮನೆಯಲ್ಲಿ ಅಮ್ಮ ಅದನ್ನು ತಿರುವಿ ಮುರುವಿ ನೋಡಿ, ‘ಹೆಣಿಗೆ ನಮ್ಮದಕ್ಕಿಂತ ಬಿಗಿ, ಆದರೆ ಭಾರ’ ಎಂದರು. ಗೋಡೆಯಲ್ಲಿ ಮೊಳೆ ಹೊಡೆಯಲು ಬಿಡಲಿಲ್ಲ, ಚಾವಡಿಯ ಮೂಲೆಗೆ ಒರಗಿಸಿಟ್ಟರು. ಜುಲೈಯಲ್ಲಿ ಒಂದು ಬೆಳಿಗ್ಗೆ ಧೋ ಎಂದು ಮಳೆ ಸುರಿಯುತ್ತಿರುವಾಗ ತೋಟದ ಕಣಿಯಲ್ಲಿ ನೀರು ಕಟ್ಟಿದೆಯೆಂದು ಅದನ್ನೇ ತಲೆಗೇರಿಸಿಕೊಂಡು ಹಾರೆ ಹಿಡಿದು ಇಳಿದರು. ಒಂದು ಗಂಟೆ ಬಿಟ್ಟು ಬಂದಾಗ ಸೀರೆಯ ಸೆರಗು, ಬೆನ್ನು ಒಣಗಿಯೇ ಇದ್ದವು. ‘ನೀರು ಇಳಿಯುವುದಿಲ್ಲ, ನಿಜ. ಕುತ್ತಿಗೆಯ ಹತ್ತಿರ ಚುಚ್ಚುತ್ತದೆ, ಒಂದು ಹಳೆಯ ಬಟ್ಟೆ ಹೊಲಿಯಬೇಕು’ ಎಂದರು. ಸಂಜೆ ದಬ್ಬಳ ಹುಡುಕಿ ಕೊಟ್ಟೆ.